ಎದುರು ಮನೆ ಪಾಲಿಕೆ, ನಮ್ಮನೆ ಪಂಚಾಯಿತಿ: ಹಾಸನದ ಅಂಚಿನ ಕಾಲೇಜು ಬೀದಿಗಳನ್ನು ನೋಡಿಕೊಳ್ಳುವವರು ಯಾರು?

ಅಕ್ಕನ ಮಗನಿಗೆ ಹಾಸನದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ರೂಮು ನೋಡೋಕೆ ಭಾವನ ಜೊತೆ ನಾನೂ ಹೋಗಿದ್ದೆ. ಊರಂಚಿನ ಬೀದಿ. ಒಂದು ಕಡೆ ಪಿ.ಜಿ.ಗಳು, ಇನ್ನೊಂದು ಕಡೆ ಮೆಸ್ಸು, ಜೆರಾಕ್ಸ್ ಅಂಗಡಿ, ಅವುಗಳ ಹಿಂದೆ ಇನ್ನೂ ಜೋಳ ಬೆಳೆಯುವ ಹೊಲ. ನಾವು ನಿಂತಿದ್ದಾಗಲೇ ಕಸದ ಗಾಡಿ ಹಾಡು ಹಾಕಿಕೊಂಡು ಬಂತು. ಒಂದು ಲೈಟ್ ಕಂಬದ ತನಕ ಬಂದದ್ದು ಅಲ್ಲೇ ರಿವರ್ಸ್ ತೆಗೆದುಕೊಂಡು ಹೊರಟುಬಿಟ್ಟಿತು. ಕಂಬದ ಆಚೆ ಬಕೆಟ್ ಹಿಡಿದು ನಿಂತಿದ್ದ ಹೆಂಗಸನ್ನು ಕೇಳಿದರೆ, "ಅದು ಪಾಲಿಕೆ ಗಾಡಿ, ನಮ್ದು ಪಂಚಾಯ್ತಿಗೆ ಬರುತ್ತೆ. ನಮ್ ಗಾಡಿ ಯಾವತ್ತು ಬರುತ್ತೋ ನೋಡ್ಬೇಕು" ಅಂದರು.

ಭಾವನಿಗೆ ಇದು ವಿಚಿತ್ರ ಅನ್ನಿಸಿತು. ಒಂದೇ ಬೀದಿ, ಒಂದೇ ಕರೆಂಟ್ ಲೈನು, ಅಂಚೆಯವನೂ ಒಬ್ಬನೇ. ಕಸಕ್ಕೆ ಮಾತ್ರ ಎರಡು ಸರ್ಕಾರವಾ?

ಹೌದು. ಕಸಕ್ಕೆ ಮಾತ್ರ ಅಲ್ಲ, ಮನೆ ಕಂದಾಯಕ್ಕೆ, ನೀರಿಗೆ, ಬೀದಿ ದೀಪಕ್ಕೆ, ಮನೆ ಕಟ್ಟುವ ಪರವಾನಗಿಗೆ ಎಲ್ಲಕ್ಕೂ. ಹಾಸನ ನಗರಸಭೆ ಮಹಾನಗರ ಪಾಲಿಕೆ ಆದ ಮೇಲೆ ಈ ಪ್ರಶ್ನೆ ಜಾಸ್ತಿ ಜನರಿಗೆ ಬಂದಿದೆ. ನಮ್ಮ ಮನೆ ಈಗ ಯಾರಿಗೆ ಬರುತ್ತದೆ? ಕಂದಾಯ ಏರುತ್ತದಾ? ಹಳೆ ಖಾತೆ ನಡೆಯುತ್ತದಾ? ಇದಕ್ಕೆ ಉತ್ತರ ಬೇಕಾದರೆ ಕಾನೂನಿಗಿಂತ ಮೊದಲು ನೆಲವನ್ನು ನೋಡಬೇಕು.

ಹಾಸನ ಕೂತಿರುವ ಜಾಗ

ಹಾಸನ ಪಟ್ಟಣ ಸಮುದ್ರ ಮಟ್ಟದಿಂದ ಹೆಚ್ಚು ಕಡಿಮೆ 950 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸಕಲೇಶಪುರ. ಅಲ್ಲಿ ಕಾಫಿ, ಮೆಣಸು, ಏಲಕ್ಕಿ. ಈಶಾನ್ಯಕ್ಕೆ ಅಷ್ಟೇ ದೂರ ಹೋದರೆ ಅರಸೀಕೆರೆ. ಅಲ್ಲಿ ತೆಂಗು, ರಾಗಿ. ಸಕಲೇಶಪುರದ ಕಡೆ ವರ್ಷಕ್ಕೆ 2,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅರಸೀಕೆರೆ ಕಡೆ ಅದರ ಅರ್ಧವೂ ಇಲ್ಲ. ಮುಂಗಾರಿನ ಮೋಡ ಪಶ್ಚಿಮ ಘಟ್ಟಕ್ಕೆ ತಾಗಿ ಅಲ್ಲೇ ಹೆಚ್ಚಿನ ಮಳೆ ಸುರಿಸಿಬಿಡುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಬಂದಷ್ಟೂ ಮೋಡದ ಕೈ ಖಾಲಿ.

ಹಾಸನ ಇವೆರಡರ ನಡುವೆ ಕೂತಿದೆ. ಮಲೆನಾಡೂ ಅಲ್ಲ, ಪೂರಾ ಬಯಲುಸೀಮೆಯೂ ಅಲ್ಲ. ಆಲೂಗಡ್ಡೆ, ಜೋಳ, ರಾಗಿ ಬೆಳೆಯುವ ಏರು ತಗ್ಗಿನ ನೆಲ. ದೊಡ್ಡ ಗುಡ್ಡಗಳಿಲ್ಲ, ಹಾಗಂತ ಸಪಾಟಾಗಿಯೂ ಇಲ್ಲ. ಇಂಥ ನೆಲದಲ್ಲಿ ಹಿಂದಿನವರು ತಗ್ಗು ಸಿಕ್ಕಲ್ಲೆಲ್ಲ ಕೆರೆ ಕಟ್ಟಿದರು. ಕೆರೆ ಹಿಂದೆ ಗದ್ದೆ, ಪಕ್ಕದ ದಿಣ್ಣೆ ಮೇಲೆ ಊರು. ಹುಣಸಿನಕೆರೆ, ಸತ್ಯಮಂಗಲ ಕೆರೆ ಅಂತೆಲ್ಲ ನಾವು ಇವತ್ತು ನಗರದ ಒಳಗೆ ನೋಡುವ ಕೆರೆಗಳು ಒಂದು ಕಾಲಕ್ಕೆ ಹೀಗೆ ಹಳ್ಳಿಗಳ ಕೆರೆಗಳೇ. ಈ ಮಾತು ನೆನಪಿಟ್ಟುಕೊಳ್ಳಿ, ಚರಂಡಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನದಿಗಳ ಕತೆಯೂ ಇದೆ. ಹೇಮಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ, ಜಾವಳಿ ಹತ್ತಿರ. ಸಕಲೇಶಪುರ ದಾಟಿ ಗೊರೂರಿಗೆ ಬರುತ್ತದೆ. ಬಾಬಾಬುಡನ್‌ಗಿರಿ ಕಡೆಯಿಂದ ಬೇಲೂರಿನ ಮೇಲೆ ಇಳಿಯುವ ಯಗಚಿ ಗೊರೂರಿನ ಹತ್ತಿರವೇ ಅದನ್ನು ಸೇರುತ್ತದೆ. ಅಲ್ಲಿ ಕಟ್ಟಿರುವ ಅಣೆಕಟ್ಟೆ ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಹಾಸನದ ನಲ್ಲಿಗಳಲ್ಲಿ ಬರುವುದು ಇದೇ ಹೇಮಾವತಿ. ಗೊರೂರು ತಗ್ಗಿನಲ್ಲಿದೆ, ಹಾಸನ ಎತ್ತರದಲ್ಲಿದೆ. ಅಂದರೆ ನೀರನ್ನು ಪಂಪ್ ಮಾಡಿ ಮೇಲಕ್ಕೆತ್ತಲೇಬೇಕು. ಕರೆಂಟ್ ಹೋದರೆ ನೀರೂ ಹೋಯಿತು ಅನ್ನುವ ಗೊಣಗಾಟದ ಮೂಲ ಇಲ್ಲಿದೆ.

ಕಾಲೇಜುಗಳು ಊರಾಚೆ ಹೋದದ್ದು, ಊರು ಹಿಂದೆ ಬಂದದ್ದು

ಕಾಲೇಜಿಗೆ ಎಕರೆಗಟ್ಟಲೆ ಜಾಗ ಬೇಕು. ಊರೊಳಗೆ ಅಷ್ಟು ಸಿಗುವುದಿಲ್ಲ, ಸಿಕ್ಕರೂ ಕೈಗೆಟುಕುವುದಿಲ್ಲ. ಹಾಗಾಗಿ ಕಾಲೇಜು ಕಟ್ಟುವವರು ಯಾವಾಗಲೂ ಊರಾಚೆ ನೋಡುತ್ತಾರೆ. ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಶುರುವಾಯಿತು. ಅದಿರುವ ಸಾಲಗಾಮೆ ರಸ್ತೆ ಇವತ್ತು ಊರಿನ ಗಿಜಿಗಿಜಿ ರಸ್ತೆಗಳಲ್ಲೊಂದು. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರವೂ ಇದೇ ರಸ್ತೆಯಲ್ಲಿದೆ. ಒಂದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಹೊಳೆನರಸೀಪುರ ರಸ್ತೆಯ ಮೊಸಳೆಹೊಸಹಳ್ಳಿಯಲ್ಲಿದೆ. ಪಕ್ಕದ ಮೊಸಳೆಯಲ್ಲಿ ಹೊಯ್ಸಳರ ಕಾಲದ ನಾಗೇಶ್ವರ, ಚೆನ್ನಕೇಶವ ಜೋಡಿ ಗುಡಿಗಳಿವೆ. ಮೊದಲು ಅದನ್ನು ನೋಡೋಕೆ ಬರುವವರಷ್ಟೇ ಅಲ್ಲಿ ಬಸ್ಸಿಳಿಯುತ್ತಿದ್ದ ಹೊರಗಿನವರು. ಇದಲ್ಲದೆ 2006ರಲ್ಲಿ ಶುರುವಾದ ವೈದ್ಯಕೀಯ ಕಾಲೇಜು ಹಿಮ್ಸ್, ಪಶುವೈದ್ಯಕೀಯ ಕಾಲೇಜು, ತಣ್ಣೀರುಹಳ್ಳದ ಆಯುರ್ವೇದ ಕಾಲೇಜು, ಕಾರೇಕೆರೆಯ ಕೃಷಿ ಕಾಲೇಜು, ಹೇಮಗಂಗೋತ್ರಿ. ಈ ಹೇಮಗಂಗೋತ್ರಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಆಮೇಲೆ ಹಾಸನಕ್ಕೇ ಒಂದು ವಿಶ್ವವಿದ್ಯಾಲಯ ಅಂತಾಯಿತು.

ಕಾಲೇಜು ಬಂದ ಮೇಲೆ ಏನಾಗುತ್ತದೆ ಅನ್ನುವುದು ಎಲ್ಲ ಊರಿನಲ್ಲೂ ಒಂದೇ. ಮೊದಲು ಒಂದು ಟೀ ಅಂಗಡಿ. ಆಮೇಲೆ ಮೆಸ್ಸು. ಹೊಲದ ಮಾಲೀಕ ರಸ್ತೆ ಬದಿಯ ಹತ್ತು ಗುಂಟೆಯಲ್ಲಿ ಮೂರಂತಸ್ತು ಎತ್ತಿ ರೂಮು ಬಾಡಿಗೆಗೆ ಬಿಡುತ್ತಾನೆ. ಅವನನ್ನು ನೋಡಿ ಪಕ್ಕದವನು. ಹತ್ತು ವರ್ಷದಲ್ಲಿ ಊರು ಕಾಲೇಜಿನ ಗೇಟಿಗೆ ಬಂದು ಮುಟ್ಟುತ್ತದೆ. ಊರು ಬೆಳೆದಷ್ಟು ಬೇಗ ಗಡಿ ಬೆಳೆಯುವುದಿಲ್ಲ. ಲೈಟ್ ಕಂಬದ ಹತ್ತಿರ ಗಾಡಿ ತಿರುಗಿದ್ದು ಇದಕ್ಕೇ.

ಅಂದ ಹಾಗೆ, ಕಾಲೇಜಿನ ಒಳಗಿನ ಆಡಳಿತಕ್ಕೂ ಊರಿನ ಆಡಳಿತಕ್ಕೂ ಸಂಬಂಧವಿಲ್ಲ. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳು ನೋಡುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಡೆಗೆ. ವೈದ್ಯಕೀಯ ಕಾಲೇಜು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಡೆಗೆ. ಪಶುವೈದ್ಯಕೀಯ ಕಾಲೇಜು ದೂರದ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಡೆಗೆ! ಒಂದೇ ಆಟೊದಲ್ಲಿ ಸುತ್ತಿ ಬರಬಹುದಾದ ಕಾಲೇಜುಗಳ ಯಜಮಾನರು ರಾಜ್ಯದ ಮೂರು ಮೂಲೆಯಲ್ಲಿದ್ದಾರೆ. ಆದರೆ ಕಾಲೇಜಿನ ಗೇಟು ದಾಟಿ ಕೊಳಚೆ ನೀರು ಹೊರಗೆ ಬಂತು ಅನ್ನಿ, ಅದು ಅಲ್ಲಿನ ಪಂಚಾಯಿತಿಯ ಅಥವಾ ಪಾಲಿಕೆಯ ಪಾಲು.

ಎರಡು ಏಣಿ

ಗೊಂದಲ ಹುಟ್ಟುವುದು ಎಲ್ಲಿ ಗೊತ್ತಾ? ನಮ್ಮಲ್ಲಿ ಎರಡು ಏಣಿಗಳಿವೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು ಕಂದಾಯ ಇಲಾಖೆಯ ಏಣಿ. ಹಳ್ಳಿ, ಹೋಬಳಿ, ತಾಲ್ಲೂಕು, ಉಪವಿಭಾಗ, ಜಿಲ್ಲೆ. ಇದರ ಮೆಟ್ಟಿಲುಗಳಲ್ಲಿ ಇರುವವರು ನೇಮಕವಾದ ಅಧಿಕಾರಿಗಳು. ಹಳ್ಳಿಗೆ ಗ್ರಾಮ ಆಡಳಿತ ಅಧಿಕಾರಿ, ಹಿಂದೆ ಇವರನ್ನೇ ವಿಲೇಜ್ ಅಕೌಂಟೆಂಟ್ ಅನ್ನುತ್ತಿದ್ದರು. ಹೋಬಳಿಗೆ ರೆವಿನ್ಯೂ ಇನ್ಸ್‌ಪೆಕ್ಟರ್ ಮತ್ತು ನಾಡಕಚೇರಿ. ತಾಲ್ಲೂಕಿಗೆ ತಹಶೀಲ್ದಾರ್. ಉಪವಿಭಾಗಕ್ಕೆ ಎಸಿ, ಅಂದರೆ ಉಪವಿಭಾಗಾಧಿಕಾರಿ. ಹಾಸನ ಜಿಲ್ಲೆಯಲ್ಲಿ ಹಾಸನ, ಸಕಲೇಶಪುರ ಅಂತ ಎರಡು ಉಪವಿಭಾಗ. ಮೇಲೆ ಡಿಸಿ, ಅಂದರೆ ಜಿಲ್ಲಾಧಿಕಾರಿ. ಪಹಣಿ (ಜಮೀನಿನ ದಾಖಲೆ), ಪೋಡಿ (ಜಮೀನು ಅಳೆದು ಭಾಗ ಮಾಡುವುದು), ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ ಅರ್ಜಿ ಇವೆಲ್ಲ ಈ ಏಣಿಯ ಕೆಲಸ.

ಎರಡನೆಯದು ನಾವು ಓಟು ಹಾಕಿ ಆರಿಸುವವರ ಏಣಿ. ಹಳ್ಳಿಗಾಡಿನಲ್ಲಿ ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಊರುಗಳಲ್ಲಿ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ. ನೀರು, ದೀಪ, ಕಸ, ಚರಂಡಿ, ಒಳರಸ್ತೆ, ಮನೆ ಕಂದಾಯ, ಅಂಗಡಿ ಲೈಸೆನ್ಸ್ ಇವರ ಕೆಲಸ.

ಕೂಡು ಕುಟುಂಬದ ಮನೆ ನೆನೆಸಿಕೊಳ್ಳಿ. ಜಮೀನಿನ ಕಾಗದ ಪತ್ರ ಅಜ್ಜನ ಟ್ರಂಕಿನಲ್ಲಿ. ದಿನದ ಅಕ್ಕಿ ಬೇಳೆ, ಒಲೆ, ಬಚ್ಚಲು ಸೊಸೆಯಂದಿರ ಕೈಯಲ್ಲಿ. ಬಚ್ಚಲು ಕಟ್ಟಿಕೊಂಡರೆ ಅಜ್ಜನ ಹತ್ತಿರ ಹೋಗಿ ಪ್ರಯೋಜನವಿಲ್ಲ. ಕಾಗದ ಬೇಕಾದರೆ ಅಡುಗೆಮನೆಗೆ ಹೋಗಿ ಪ್ರಯೋಜನವಿಲ್ಲ. ತಹಶೀಲ್ದಾರರು ಅಜ್ಜ, ಪಂಚಾಯಿತಿ ಅಡುಗೆಮನೆ.

ಇದರಿಂದ ಒಂದು ಮುಖ್ಯ ವಿಷಯ ತಿಳಿಯುತ್ತದೆ. ಒಂದು ಹಳ್ಳಿ ಪಾಲಿಕೆಗೆ ಸೇರಿದರೂ ಅದರ ತಾಲ್ಲೂಕು ಬದಲಾಗುವುದಿಲ್ಲ, ಹೋಬಳಿ ಬದಲಾಗುವುದಿಲ್ಲ. ಬದಲಾಗುವುದು ಎರಡನೇ ಏಣಿ ಮಾತ್ರ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೇ ಹೋಗಬೇಕು. ಮನೆ ಕಂದಾಯಕ್ಕೆ ಹೋಗುವ ಕಚೇರಿ ಮಾತ್ರ ಬೇರೆ.

ಈ ಎರಡನೇ ಏಣಿಗೆ ಸಂವಿಧಾನದ ಬಲ ಬಂದದ್ದು 73 ಮತ್ತು 74ನೇ ತಿದ್ದುಪಡಿಗಳಿಂದ. ಎರಡೂ ಜಾರಿಗೆ ಬಂದದ್ದು 1993ರಲ್ಲಿ. ಪಂಚಾಯಿತಿಗಳಿಗೆ 29 ವಿಷಯ, ನಗರಗಳ ಸಂಸ್ಥೆಗಳಿಗೆ 18 ವಿಷಯ ಅಂತ ಪಟ್ಟಿಯೂ ಇದೆ. ಪಟ್ಟಿಯಲ್ಲಿ ಇರುವುದೆಲ್ಲ ಕೈಗೆ ಬಂದಿದೆ ಅಂತಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳನ್ನೇ ನೋಡಿ. 2016ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅದಾದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದರು. ಏಣಿ ಇತ್ತು, ಮೇಲಿನ ಎರಡು ಮೆಟ್ಟಿಲಲ್ಲಿ ಆಯ್ಕೆಯಾದವರಿರಲಿಲ್ಲ.

ಪಂಚಾಯಿತಿ ಯಾವಾಗ ಪಟ್ಟಣ ಆಗುತ್ತದೆ?

ಇದಕ್ಕೆ ಮುಖ್ಯ ಅಳತೆ ಜನಸಂಖ್ಯೆ. ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನ. ಮಲೆನಾಡಿನಲ್ಲಿ ಮನೆಗಳು ದೂರ ದೂರ ಇರುವುದರಿಂದ ಅಲ್ಲಿ 2,500 ಇದ್ದರೂ ಪಂಚಾಯಿತಿ ಮಾಡಬಹುದು. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಹತ್ತು ಸಾವಿರ ದಾಟಿದರೆ ಪಟ್ಟಣ ಪಂಚಾಯಿತಿ, ಇಪ್ಪತ್ತು ಸಾವಿರ ದಾಟಿದರೆ ಪುರಸಭೆ, ಐವತ್ತು ಸಾವಿರ ದಾಟಿದರೆ ನಗರಸಭೆ, ಮೂರು ಲಕ್ಷ ಮುಟ್ಟಿದರೆ ಮಹಾನಗರ ಪಾಲಿಕೆ. ಬರೀ ತಲೆ ಎಣಿಸಿದರೆ ಸಾಲದು. ಜನ ಎಷ್ಟು ಒತ್ತಾಗಿದ್ದಾರೆ, ಬೇಸಾಯ ಬಿಟ್ಟು ಬೇರೆ ಕೆಲಸ ಮಾಡುವವರು ಎಷ್ಟು, ಆ ಊರಿನ ಸ್ವಂತ ಆದಾಯ ಎಷ್ಟು ಅನ್ನುವುದನ್ನೂ ನೋಡುತ್ತಾರೆ.

ಕಾನೂನುಗಳೂ ಬೇರೆ ಬೇರೆ. ಪಂಚಾಯಿತಿಗೆ 1993ರ ಕಾಯ್ದೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗೆ 1964ರ ಪೌರಸಭೆಗಳ ಕಾಯ್ದೆ. ಪಾಲಿಕೆಗೆ 1976ರ ಕಾಯ್ದೆ. ಕಚೇರಿ ಬೋರ್ಡ್ ನೋಡಿದರೆ ಒಂದು ಸುಳಿವು ಸಿಗುತ್ತದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಂತ ಇದ್ದರೆ ಗ್ರಾಮ ಪಂಚಾಯಿತಿ. ಮುಖ್ಯಾಧಿಕಾರಿ ಅಂತ ಇದ್ದರೆ ಪಟ್ಟಣ ಪಂಚಾಯಿತಿ ಅಥವಾ ಪುರಸಭೆ. ಪೌರಾಯುಕ್ತರು ಅಂದರೆ ನಗರಸಭೆ. ಬರೀ ಆಯುಕ್ತರು ಅಂದರೆ ಪಾಲಿಕೆ. ಅಧ್ಯಕ್ಷರು ಮೇಯರ್ ಆಗುತ್ತಾರೆ.

ಹಾಸನದ ಜನಸಂಖ್ಯೆ 2011ರ ಜನಗಣತಿಯಲ್ಲಿ, ಅಂಟಿಕೊಂಡ ಹೊರ ಪ್ರದೇಶವನ್ನೂ ಸೇರಿಸಿ, ಸುಮಾರು 1.55 ಲಕ್ಷ. ನಗರಸಭೆಗೆ 35 ವಾರ್ಡ್‌ಗಳಿದ್ದವು. ಹಾಗಾದರೆ ಪಾಲಿಕೆ ಹೇಗಾಯಿತು? 2011ರಿಂದ ಈಚೆಗೆ ಊರು ಬೆಳೆದಿದೆ. ಸುತ್ತಲಿನ ಹಳ್ಳಿಗಳನ್ನೂ ಒಳಗೆ ತೆಗೆದುಕೊಂಡಿದ್ದಾರೆ. ಚಿಕ್ಕ ಊರು ದೊಡ್ಡ ಅಂಗಿ ಹಾಕಿಕೊಳ್ಳಬೇಕಾದರೆ ಮೈ ಬೆಳೆಸಿಕೊಳ್ಳುವುದೇ ದಾರಿ. ಪಾಲಿಕೆ ಆಗುವ ಬಹುತೇಕ ಊರುಗಳು ಸುತ್ತಲಿನ ಪಂಚಾಯಿತಿಗಳ ಕಡೆ ಕಣ್ಣು ಹಾಕುವುದು ಇದಕ್ಕೇ.

ಸೇರಿದರೆ ಸಿಗುವುದೇನು, ಹೋಗುವುದೇನು

ಹಳ್ಳಿಯೊಂದು ಪಾಲಿಕೆಗೆ ಸೇರಿತು ಅನ್ನಿ. ಅಲ್ಲಿನ ಗ್ರಾಮ ಪಂಚಾಯಿತಿಯ ಅಧಿಕಾರ ಮುಗಿಯಿತು. ಸದಸ್ಯರ ಸ್ಥಾನವೂ ಹೋಯಿತು. ಹತ್ತು ಹೆಜ್ಜೆ ದೂರದಲ್ಲಿ ಸಿಗುತ್ತಿದ್ದ ಮೆಂಬರ್ ಬದಲು ಸಾವಿರಾರು ಜನಕ್ಕೆ ಒಬ್ಬ ಕಾರ್ಪೊರೇಟರ್. ವರ್ಷಕ್ಕೆ ಎರಡು ಸಲವಾದರೂ ನಡೆಯಬೇಕಾದ, ಯಾರು ಬೇಕಾದರೂ ಎದ್ದು ಪ್ರಶ್ನೆ ಕೇಳಬಹುದಾದ ಗ್ರಾಮ ಸಭೆಯೂ ಇಲ್ಲ. ನನಗೆ ಕೇಳಿದರೆ ಹಳ್ಳಿ ಕಳೆದುಕೊಳ್ಳುವುದರಲ್ಲಿ ಇದೇ ದೊಡ್ಡದು, ಆದರೆ ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ.

ಜನ ಮಾತಾಡುವುದು ಇನ್ನೆರಡು ವಿಷಯ. ಒಂದು, ಹಳ್ಳಿಗಾಡಿಗೆ ಅಂತ ಇರುವ ಉದ್ಯೋಗ ಖಾತರಿ ಕೂಲಿ ನಿಲ್ಲುತ್ತದೆ. ಬದು ಕಟ್ಟಿಸಿಕೊಳ್ಳುವುದು, ದನದ ಕೊಟ್ಟಿಗೆ ಮಾಡಿಸಿಕೊಳ್ಳುವುದು ಇವಕ್ಕೆಲ್ಲ ಅದರಲ್ಲಿ ದುಡ್ಡು ಬರುತ್ತಿತ್ತು. ಎರಡು, ಕಂದಾಯ ಏರುತ್ತದೆ. ನಗರಗಳಲ್ಲಿ ಈಗ ಆಸ್ತಿ ತೆರಿಗೆ ಲೆಕ್ಕ ಹಾಕುವುದು ಸರ್ಕಾರದ ಮಾರ್ಗಸೂಚಿ ದರ ಆಧರಿಸಿ. ಅಂದರೆ ನೋಂದಣಿ ಕಚೇರಿಯಲ್ಲಿ ನಿಮ್ಮ ಬೀದಿಯ ಜಾಗಕ್ಕೆ ಸರ್ಕಾರ ಬರೆದಿಟ್ಟಿರುವ ಬೆಲೆ. ಕಾಲೇಜು ಬಂದ ಬೀದಿಯಲ್ಲಿ ಆ ಬೆಲೆ ಸುಮ್ನೆ ಇರುತ್ತದಾ? ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಅನ್ನುವುದು ಸಮಾಧಾನ.

ಸಿಗುವುದೇನು? ಒಳಚರಂಡಿ ಸಿಗಬಹುದು. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಮನೆಗೊಂದು ಗುಂಡಿ. ನಾಲ್ಕು ಜನರ ಮನೆಗೆ ಗುಂಡಿ ಸಾಕು. ಅರವತ್ತು ಹುಡುಗರ ಪಿ.ಜಿ.ಗೆ ಸಾಕಾಗುತ್ತದಾ? ಪ್ರತಿದಿನ ಕಸದ ಗಾಡಿ, ಬೇರೆ ಲೆಕ್ಕದ ಅನುದಾನ, ಬ್ಯಾಂಕ್ ಸಾಲಕ್ಕೆ ಅನುಕೂಲವಾಗುವ ಖಾತೆ ಇವು ಮಿಕ್ಕಿದ್ದು. "ಸಿಗಬಹುದು" ಅಂದದ್ದು ಬೇಕಂತಲೇ. ಗಡಿ ಬದಲಾಗಲು ಒಂದು ಅಧಿಸೂಚನೆ ಸಾಕು. ಪೈಪ್ ಹೂಳಲು ವರ್ಷಗಳು ಬೇಕು. ನಡುವಿನ ಆ ಕಾಲದಲ್ಲಿ ಊರಿನವರಿಗೆ ನಗರದ ಕಂದಾಯ, ಹಳ್ಳಿಯ ಗುಂಡಿ ಎರಡೂ ಇರುತ್ತವೆ.

ಹುಡಾ ಅಂದರೆ ಮೂರನೇ ಗೆರೆ

ಪಾಲಿಕೆ ಒಂದು ಗೆರೆ, ಪಂಚಾಯಿತಿ ಒಂದು ಗೆರೆ ಅಂತ ತಿಳಿದುಕೊಂಡಿರಿ. ಈಗ ಇವೆರಡರ ಮೇಲೆ ಇನ್ನೊಂದು ಗೆರೆ. ಅದು ಹಾಸನ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಹುಡಾ. ಊರು ನಾಳೆ ಎಲ್ಲಿಗೆ ಬೆಳೆಯಬಹುದು ಅಂತ ಊಹಿಸಿ, ಪಂಚಾಯಿತಿ ಪ್ರದೇಶವನ್ನೂ ಸೇರಿಸಿ ದೊಡ್ಡದಾಗಿ ಎಳೆದ ಗೆರೆ ಇದು. ಒಳಗಿನ ನೆಲಕ್ಕೆಲ್ಲ ಮಾಸ್ಟರ್ ಪ್ಲಾನ್ ಮಾಡುತ್ತಾರೆ. ನಕ್ಷೆಯಲ್ಲಿ ಹಳದಿ ಬಳಿದಿದ್ದರೆ ಮನೆಗೆ, ನೀಲಿ ಬಳಿದಿದ್ದರೆ ವ್ಯಾಪಾರಕ್ಕೆ, ಹಸಿರಾಗಿದ್ದರೆ ಮುಟ್ಟುವ ಹಾಗಿಲ್ಲ. "ಯೆಲ್ಲೋ ಝೋನ್ ಸಾರ್" ಅಂತ ಬ್ರೋಕರ್‌ಗಳು ಹೇಳುವುದು ಇದನ್ನೇ.

ಹುಡಾ ಕಸ ಎತ್ತುವುದಿಲ್ಲ, ಅದರ ಬಡಾವಣೆ ನೋಡಿಕೊಳ್ಳುವುದು ಪಾಲಿಕೆಗೆ ಒಪ್ಪಿಸುವ ತನಕ ಮಾತ್ರ. ಅದರ ಮುಖ್ಯ ಕೆಲಸ ಬಡಾವಣೆ ನಕ್ಷೆಗೆ ಒಪ್ಪಿಗೆ ಕೊಡುವುದು, ತಾನೇ ಬಡಾವಣೆ ಮಾಡಿ ಸೈಟು ಹಂಚುವುದು. ಹೀಗಾಗಿ ಒಬ್ಬ ರೈತ ಕಾಲೇಜಿನ ಪಕ್ಕದ ತನ್ನ ಜಮೀನಿನಲ್ಲಿ ಸೈಟು ಮಾಡಬೇಕೆಂದರೆ ಮೂರು ಮೆಟ್ಟಿಲು ಹತ್ತಬೇಕು. ಬೇಸಾಯದ ನೆಲವನ್ನು ಬೇರೆ ಬಳಕೆಗೆ ಬದಲಿಸಲು ಡಿಸಿ ಕಚೇರಿ. ನಕ್ಷೆಗೆ ಹುಡಾ. ಖಾತೆಗೆ ಪಂಚಾಯಿತಿ ಅಥವಾ ಪಾಲಿಕೆ. ಮೊದಲ ಎರಡು ಮೆಟ್ಟಿಲು ಹಾರಿ ನೇರವಾಗಿ ಗುಂಟೆ ಲೆಕ್ಕದಲ್ಲಿ ಮಾರಿದ್ದೇ ರೆವಿನ್ಯೂ ಸೈಟು.

ಕೈಯಲ್ಲಿರುವ ಕಾಗದ ಯಾವುದು?

ಖಾತೆ ಅಂದರೆ ಮಾಲೀಕತ್ವದ ಪತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಈ ಆಸ್ತಿಯ ಕಂದಾಯವನ್ನು ಯಾರಿಂದ ವಸೂಲಿ ಮಾಡಬೇಕು ಅಂತ ಸ್ಥಳೀಯ ಸಂಸ್ಥೆ ಬರೆದಿಟ್ಟುಕೊಳ್ಳುವ ಲೆಕ್ಕ ಅದು. ಹಾಲಿನವನ ಡೈರಿಯಲ್ಲಿ ನಿಮ್ಮ ಹೆಸರಿದ್ದ ಹಾಗೆ. ಮನೆ ನಿಮ್ಮದು ಅನ್ನುವುದಕ್ಕೆ ಕ್ರಯಪತ್ರ ಬೇಕು. ಆದರೆ 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ, ಅಂದರೆ ಕಂಪ್ಯೂಟರಿನಲ್ಲಿರುವ ಖಾತೆ, ಕಡ್ಡಾಯ ಮಾಡಿದ್ದಾರೆ. ಹಾಗಾಗಿ ಡೈರಿಯ ಬೆಲೆ ಏರಿದೆ.

ಪಂಚಾಯಿತಿಯಲ್ಲಿ ಇದು ಇ-ಸ್ವತ್ತು. ಊರಿನ ಹಳೇ ಗ್ರಾಮಠಾಣಾ ಒಳಗಿನ ಮನೆಗಳಿಗೆ, ಒಪ್ಪಿಗೆ ಪಡೆದ ಬಡಾವಣೆಗಳಿಗೆ ಫಾರಂ 9 ಮತ್ತು 11ಎ. ಒಪ್ಪಿಗೆ ಇಲ್ಲದವಕ್ಕೆ 11ಬಿ. ಗ್ರಾಮಠಾಣಾ ಅಂದರೆ ತಲೆತಲಾಂತರದಿಂದ ಜನ ವಾಸವಿರುವ ಊರಿನ ನಡುಭಾಗ, ಅದಕ್ಕೆ ಪಹಣಿ ಇರುವುದಿಲ್ಲ. ನಗರದಲ್ಲಿ ಇದೇ ಲೆಕ್ಕ ಇ-ಆಸ್ತಿ ತಂತ್ರಾಂಶದಲ್ಲಿ ಇರುತ್ತದೆ. ಒಪ್ಪಿಗೆ ಇಲ್ಲದ ಆಸ್ತಿಗಳಿಗೆ ಬಿ-ಖಾತೆ ಕೊಡುವ ಕೆಲಸ ಬೆಂಗಳೂರಿನ ಆಚೆಯ ನಗರಗಳಲ್ಲೂ 2025ರಲ್ಲಿ ಶುರುವಾಯಿತು. ಹಳ್ಳಿ ಪಾಲಿಕೆಗೆ ಸೇರಿದಾಗ ಇ-ಸ್ವತ್ತಿನ ಕಾಗದ ರದ್ದಿಯಾಗುವುದಿಲ್ಲ. ಆ ದಾಖಲೆಗಳನ್ನು ಪಾಲಿಕೆಯ ಲೆಕ್ಕಕ್ಕೆ ತಂದು ಹೊಸ ನಂಬರ್ ಕೊಡುತ್ತಾರೆ. 11ಬಿ ಇದ್ದದ್ದು ನಗರಕ್ಕೆ ಸೇರಿದ ಮಾತ್ರಕ್ಕೆ ಸಕ್ರಮ ಆಗಿಬಿಡುವುದಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಸೈಟು ಮಾರುವವರು ಇದರ ತಿರುವುಮುರುವು ಹೇಳುತ್ತಾರೆ.

ನೀರಿಗೆ ವಾರ್ಡ್ ನಂಬರ್ ಗೊತ್ತಿಲ್ಲ

ಈಗ ಕೆರೆಗೆ ವಾಪಸ್ ಬರೋಣ. ತಗ್ಗಿನಲ್ಲಿ ಕೆರೆ, ದಿಣ್ಣೆಯಲ್ಲಿ ಊರು ಅಂದೆನಲ್ಲ. ದಿಣ್ಣೆಯ ಮೇಲೆ ಪಿ.ಜಿ. ಬಂದರೆ ಅದರ ನೀರು ತಗ್ಗಿಗೇ ಹರಿಯುತ್ತದೆ. ದಿಣ್ಣೆ ಪಂಚಾಯಿತಿಯದ್ದು, ಕೆರೆ ಪಾಲಿಕೆಯೊಳಗೆ. ಅಥವಾ ದಿಣ್ಣೆ ಪಾಲಿಕೆಯದ್ದು, ಕೆಳಗಿನ ಗದ್ದೆ ಪಂಚಾಯಿತಿಯದ್ದು. ನಡುವೆ ಇರುವ ರಾಜಕಾಲುವೆ, ಅಂದರೆ ಮಳೆ ನೀರು ಹರಿಯುವ ದೊಡ್ಡ ಕಾಲುವೆ, ಸರ್ವೆ ನಕ್ಷೆಯಲ್ಲಿ ಸರ್ಕಾರಿ ಜಾಗ, ಅಂದರೆ ಕಂದಾಯ ಇಲಾಖೆಯ ಏಣಿ. ಕೆರೆಯಲ್ಲಿ ನೊರೆ ಬಂತು ಅಂತ ದೂರು ಕೊಡಲು ಹೋದವರು ಮೂರು ಕಚೇರಿ ಸುತ್ತುವುದು ಅಲ್ಲಿನವರ ಸೋಮಾರಿತನದಿಂದ ಮಾತ್ರ ಅಲ್ಲ. ಗಡಿ ಎಳೆದವರು ಸರ್ವೆ ನಂಬರ್ ನೋಡಿ ಎಳೆದರು, ನೀರು ಇಳಿಜಾರು ನೋಡಿ ಹರಿಯಿತು.

ರಸ್ತೆಯೂ ಹೀಗೇ. ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಲೆಕ್ಕ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದು. ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಒಳಬೀದಿ ಪಂಚಾಯಿತಿಯದ್ದು ಅಥವಾ ಪಾಲಿಕೆಯದ್ದು. ಕಾಲೇಜು ಮುಂದಿನ ಗುಂಡಿಗೆ ಕಾರ್ಪೊರೇಟರ್‌ಗೆ ಬೈಯುವ ಮುಂಚೆ ಅದು ಯಾರ ರಸ್ತೆ ಅಂತ ನೋಡಬೇಕು. ಕರೆಂಟಿಗೆ ಮಾತ್ರ ಈ ತಲೆಬಿಸಿ ಇಲ್ಲ. ಕಂಬದ ಈಚೆಗೂ ಆಚೆಗೂ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಕಂಪನಿಯೇ. ಪಕ್ಕದ ಚಿಕ್ಕಮಗಳೂರು ಜಿಲ್ಲೆಗೆ ಹೋದರೆ ಮೆಸ್ಕಾಂ.

ತಾಲ್ಲೂಕು ಹಾಸನ, ಎಂಎಲ್ಎ ಬೇರೆ

ಹಾಸನ ಜಿಲ್ಲೆಯಲ್ಲಿ ಎಂಟು ತಾಲ್ಲೂಕು, ಏಳು ವಿಧಾನಸಭಾ ಕ್ಷೇತ್ರ. ಲೆಕ್ಕ ತಪ್ಪುವುದು ಇಲ್ಲೇ. ಆಲೂರಿಗೆ ಸ್ವಂತ ಕ್ಷೇತ್ರವಿಲ್ಲ, ಅದು ಸಕಲೇಶಪುರದ ಜೊತೆ. ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯೂ ಸಕಲೇಶಪುರ ಕ್ಷೇತ್ರಕ್ಕೇ ಸೇರುತ್ತದೆ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿರುವ ಮೊಸಳೆಹೊಸಹಳ್ಳಿ ಹಾಸನ ತಾಲ್ಲೂಕಿನದ್ದು, ಓಟು ಹೊಳೆನರಸೀಪುರ ಕ್ಷೇತ್ರಕ್ಕೆ. ಲೋಕಸಭೆಗೆ ಬಂದರೆ ಇನ್ನೂ ತಮಾಷೆ. ಚಿಕ್ಕಮಗಳೂರು ಜಿಲ್ಲೆಯ ಕಡೂರಿನವರು ಓಟು ಹಾಕುವುದು ಹಾಸನದ ಎಂಪಿಗೆ.

ಯಾಕೆ ಹೀಗೆ? ಕ್ಷೇತ್ರಗಳನ್ನು ಎಳೆಯುವವರ ಗುರಿ ಒಂದೊಂದರಲ್ಲೂ ಹೆಚ್ಚು ಕಡಿಮೆ ಒಂದೇ ಸಂಖ್ಯೆಯ ಜನ ಇರಬೇಕು ಅನ್ನುವುದು. ಅದಕ್ಕೆ ಹೋಬಳಿಗಳನ್ನು ಇಟ್ಟಿಗೆ ಥರ ಆ ಕಡೆ ಈ ಕಡೆ ಜೋಡಿಸುತ್ತಾರೆ. ಈಗಿನ ಕ್ಷೇತ್ರಗಳು 2008ರಲ್ಲಿ ಬಂದವು, ಲೆಕ್ಕಕ್ಕೆ ಹಿಡಿದದ್ದು 2001ರ ಜನಗಣತಿ. ತಹಶೀಲ್ದಾರರ ಗೆರೆ ಜಮೀನಿಗಾಗಿ, ಎಂಎಲ್ಎ ಗೆರೆ ತಲೆ ಎಣಿಕೆಗಾಗಿ.

ಎಣಿಕೆಗೆ ಸಿಗದ ಹುಡುಗರು

ಕಾಲೇಜು ಊರಿಗೆ ಮಾತ್ರ ಇರುವ ಒಂದು ತೊಡಕಿದೆ. ಸಾವಿರಾರು ಹುಡುಗ ಹುಡುಗಿಯರು ಇಲ್ಲಿ ವಾಸವಿರುತ್ತಾರೆ. ನೀರು ಬಳಸುತ್ತಾರೆ, ಕಸ ಹಾಕುತ್ತಾರೆ. ಇವರಲ್ಲಿ ಜಾಸ್ತಿ ಜನರ ಓಟು ತಮ್ಮ ತಮ್ಮ ಊರಿನಲ್ಲಿ. ಹಾಸ್ಟೆಲ್ ವಿಳಾಸದಲ್ಲಿ ಓಟರ್ ಆಗಲು ಅವಕಾಶ ಇದೆ, ಆದರೆ ಎರಡು ಕಡೆ ಇರುವ ಹಾಗಿಲ್ಲ. ಜನಗಣತಿಯಲ್ಲಿ ಹಾಸ್ಟೆಲ್‌ನವರನ್ನು ಇರುವಲ್ಲೇ ಎಣಿಸುತ್ತಾರೆ ನಿಜ. ಆದರೆ 2011ರಲ್ಲಿ ಎಣಿಸಿದ ಮೇಲೆ 2021ರ ಸರದಿ ತಪ್ಪಿತು, ಮುಂದಿನದಕ್ಕೆ 2027 ಗೊತ್ತು ಮಾಡಿದ್ದಾರೆ. 2011ರಲ್ಲಿ ಇಲ್ಲದ ಪಿ.ಜಿ. ಬೀದಿಗಳು ಅನುದಾನದ ಲೆಕ್ಕದಲ್ಲೂ ಇಲ್ಲ. ಆರು ಸಾವಿರ ಜನಕ್ಕೆ ಅಂತ ಬಂದ ದುಡ್ಡಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಜನರ ಕಸ ಎತ್ತಬೇಕಾದ ಪಂಚಾಯಿತಿಯ ಗಾಡಿ ಯಾಕೆ ದಿನಾ ಬರುವುದಿಲ್ಲ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ.

ನಮ್ಮ ಮನೆ ಯಾರಿಗೆ ಅಂತ ತಿಳಿಯುವುದು ಹೇಗೆ?

ಪಿನ್‌ಕೋಡ್ ನೋಡಬೇಡಿ. ಅದು ಅಂಚೆಯವರ ಅನುಕೂಲಕ್ಕೆ, ಗಡಿಗೂ ಅದಕ್ಕೂ ಸಂಬಂಧವಿಲ್ಲ. ಬಾಡಿಗೆಗೆ ಹೋಗುವವರಾದರೆ ಮಾಲೀಕರ ಹತ್ತಿರ ಹೋದ ವರ್ಷದ ಕಂದಾಯ ರಸೀದಿ ಕೇಳಿ. ರಸೀದಿ ಮೇಲಿನ ಹೆಸರೇ ಉತ್ತರ. ಜಾಗ ಕೊಳ್ಳುವವರು ಅಲ್ಲೇ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತಿರುವ ನೆಲದ ಸರ್ವೆ ನಂಬರ್, ಹಳ್ಳಿ, ಹೋಬಳಿ ತೋರಿಸುತ್ತದೆ. ಆ ನಂಬರ್ ಹಿಡಿದು ಪಹಣಿ ತೆಗೆಸಿ, ಹುಡಾದಲ್ಲಿ ಮಾಸ್ಟರ್ ಪ್ಲಾನಿನ ಬಣ್ಣ ಕೇಳಿ, ಪಂಚಾಯಿತಿ ಅಥವಾ ಪಾಲಿಕೆಯಲ್ಲಿ ಖಾತೆ ನೋಡಿ. ಈಚೆಗೆ ಪಾಲಿಕೆಗೆ ಸೇರಿದ ಹಳ್ಳಿ ಅಂತಾದರೆ ಅಧಿಸೂಚನೆಯಲ್ಲಿ ಸರ್ವೆ ನಂಬರ್‌ಗಳ ಪಟ್ಟಿ ಇರುತ್ತದೆ. ಕೆಲವು ಸಲ ಊರಿನ ಒಂದು ಪಾಲು ಒಳಗೆ, ಇನ್ನೊಂದು ಪಾಲು ಹೊರಗೆ ಇರುತ್ತದೆ. ಹೆಸರು ನೋಡಿ ನಂಬಬೇಡಿ.

ಭಾವ ಕೊನೆಗೆ ಕಂಬದ ಆಚೆಯ ರೂಮನ್ನೇ ಹಿಡಿದರು. ಬಾಡಿಗೆ ಐನೂರು ರೂಪಾಯಿ ಕಮ್ಮಿ ಇತ್ತು. ನೀರಿಗೆ ಪಂಚಾಯಿತಿ ಬೋರ್‌ವೆಲ್, ದಿನ ಬಿಟ್ಟು ದಿನ. ಕಸದ ವಿಷಯ ಕೇಳಿದ್ದಕ್ಕೆ ಮಾಲೀಕರು ಬೀದಿ ತುದಿಯ ಲೈಟ್ ಕಂಬ ತೋರಿಸಿ, "ಬೆಳಿಗ್ಗೆ ಏಳಕ್ಕೆ ಬರುತ್ತೆ, ಅಲ್ಲಿ ತನಕ ನಡ್ಕೊಂಡ್ ಹೋಗಿ ಹಾಕ್ಬಿಡ್ಲಿ ಸಾರ್" ಅಂದರು.